ಮೆಟ್ಟಿಲ ಮೇಲಿನ ತಟ್ಟೆ

"ತಟ್ಟೆ ಅಲ್ಲೇ ಇಟ್ಟಿದೀನಿ ಕಣೋ, ಆರೋಗೋಕೆ ಮುಂಚೆ ತಿನ್ನು," ಎಂದು ಅಗಾಥಾ ಒಳಗಿನಿಂದಲೇ ಕೂಗಿದಳು.

ಆಬ್ರಾಮ್ ಮಾಡಿನಿಂದ ಇಳಿದ. ಒಲೆಯ ಹೊಗೆಕೊಳವೆ ಸರಿಮಾಡಿ ಕೈಯೆಲ್ಲ ಮಸಿಯಾಗಿತ್ತು. ಮೆಟ್ಟಿಲ ಪಕ್ಕದ ಕಬ್ಬಿಣದ ಪಟ್ಟಿಗೆ ಬೂಟುಗಳನ್ನು ಒಂದೊಂದಾಗಿ ಉಜ್ಜಿ ಕೆಸರು ತೆಗೆದ. ಒಳಗೆ ಹೋಗುವವನೇನಲ್ಲ, ಆದರೂ ಉಜ್ಜುತ್ತಿದ್ದ. ಆಮೇಲೆ ಮೆಟ್ಟಿಲ ಮೇಲೆ ಕೂತು, ತನಗೆಂದೇ ಬೇರೆ ಇಟ್ಟಿದ್ದ ನೀಲಿ ಅಂಚಿನ ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡ. ಆಲೂಗಡ್ಡೆ, ಹುಳಿ ಎಲೆಕೋಸು, ಎರಡು ಬನ್ನು.

ಅಗಾಥಾ ಕೆಟ್ಟವಳಲ್ಲ. ಈ ಚೂ ನದಿ ಬಯಲಿಗೆ ಎಂದೋ ವಲಸೆ ಬಂದ ನಮ್ಮ ಜರ್ಮನ್ ಕ್ರೈಸ್ತರ ಊರಿನ ಕಟ್ಟಳೆಯೇ ಹಾಗೆ. ಆಯುಧ ಮುಟ್ಟಬಾರದು, ಆಣೆ ಇಡಬಾರದು. ಸೋವಿಯತ್ ಕಾಲದಲ್ಲಿ ಸೈನ್ಯಕ್ಕೆ ಎಳೆದೊಯ್ದಾಗ ಆಬ್ರಾಮ್ ಎರಡನ್ನೂ ಮಾಡಿ ಬಂದ. ಸಭೆ ಅವನನ್ನು ಹೊರಗೆ ಹಾಕಿತು. ಹೊರಗಾದವನ ಜೊತೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಪ್ರಾರ್ಥನಾ ಮನೆಯಲ್ಲಿ ಎದ್ದು ನಿಂತು, ನಡೆದದ್ದನ್ನು ಒಂದೂ ಬಿಡದೆ ಹೇಳಿ ಕ್ಷಮೆ ಕೇಳಿದರೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಆಬ್ರಾಮ್ ಬಾಯಿಯೇ ಬಿಡಲಿಲ್ಲ. ಸೊಕ್ಕು ಅಂದರು. ಇಪ್ಪತ್ತು ವರ್ಷವೇ ಕಳೆಯಿತು. ದೇಶ ಒಡೆದುಹೋಯಿತು, ಅರ್ಧ ಊರು ಗಂಟುಮೂಟೆ ಕಟ್ಟಿ ಜರ್ಮನಿಗೆ ಹೋಯಿತು, ಆಬ್ರಾಮನ ತಟ್ಟೆ ಮಾತ್ರ ಮೆಟ್ಟಿಲ ಮೇಲೇ ಉಳಿಯಿತು.

ಅವನ ಜೊತೆಗೇ ಸೈನ್ಯಕ್ಕೆ ಹೋದ ಅಗಾಥಾಳ ಒಬ್ಬನೇ ಮಗ ಫ್ರಾಂಜ್ ಮುಚ್ಚಿದ ತಗಡಿನ ಪೆಟ್ಟಿಗೆಯಲ್ಲಿ ವಾಪಸು ಬಂದ. ಅಪಘಾತ ಎಂದು ಸೈನ್ಯದವರು ಹೇಳಿದರು. ಯಾರು ನಂಬುತ್ತಾರೆ? ಆಣೆ ಇಡಲಿಲ್ಲವೆಂದೇ ಕೊಂದರು ಎಂದು ಊರಿಗೆ ಊರೇ ತೀರ್ಮಾನಿಸಿತು. ಅವತ್ತಿನಿಂದ ಅಗಾಥಾ, ನಂಬಿಕೆಗಾಗಿ ಸತ್ತವನ ತಾಯಿ, ಧನ್ಯೆ. ಯೇಸು ಗುಡ್ಡದ ಮೇಲೆ ಕೂತು ಯಾರು ಯಾರು ಧನ್ಯರು ಎಂದು ಹೇಳಿದ ಮಾತನ್ನು ಓದಿದಾಗಲೆಲ್ಲ ಸಭೆಯ ಹಿರಿಯ ಕೊರ್ನೆಲಿಯುಸ್ ಮುಂದಿನ ಬೆಂಚಿನತ್ತ, ಅವಳ ಕಪ್ಪು ಸ್ಕಾರ್ಫಿನತ್ತ ನೋಡುತ್ತಿದ್ದರು.

ಆದರೆ ಆ ಧನ್ಯೆಯ ಮನೆಯಲ್ಲಿ ಕತ್ತಲು ಕವಿಯುವ ಹೊತ್ತಿಗೆ ಒಂದು ಸದ್ದು. ಕಬ್ಬಿಣದ ಪಟ್ಟಿಗೆ ಯಾರೋ ಬೂಟು ಉಜ್ಜಿದಂತೆ, ಒಂದು ಕಾಲು, ಆಮೇಲೆ ಇನ್ನೊಂದು. ಬಾಗಿಲು ತೆಗೆದರೆ ಯಾರೂ ಇಲ್ಲ. ಮೊದಮೊದಲು ಹೆದರಿಕೆಯಾಗುತ್ತಿತ್ತು. ಆಮೇಲೆ ಹೆದರಿಕೆಗಿಂತ ದುಃಖವೇ ಹೆಚ್ಚಾಯಿತು. ಅಷ್ಟು ದೂರದಿಂದ ಬಂದ ಮಗ ಒಳಗೇಕೆ ಬರುವುದಿಲ್ಲ?

ಈಗ ಅವಳು ಹೊಸ್ತಿಲಿಗೆ ಬಂದು ನಿಂತಳು. "ನಾಳೆ ಸಭೇಲಿ ಫ್ರಾಂಜ್ ಬಗ್ಗೆ ಮಾತಾಡು ಅಂದಿದಾರೆ. ಜರ್ಮನಿಯಿಂದ ಅತಿಥಿಗಳು ಬರ್ತಾರಂತೆ. ಅವನ ಕೊನೇ ದಿನಗಳು ನೋಡಿದೋನು ನೀನೊಬ್ಬನೇ. ಹೇಳು."

"ಹೇಳೋಕೇನಿದೆ ಚಿಕ್ಕಮ್ಮ. ಒಳ್ಳೇ ಹುಡುಗ."

"ಅದು ನಾನು ಹೆತ್ತಾಗಲೇ ಗೊತ್ತು. ಮುಂದೆ ಹೇಳು."

ಆಬ್ರಾಮ್ ಬನ್ನನ್ನು ಮುರಿಯುತ್ತಲೇ ಕೂತ, ತಿನ್ನಲಿಲ್ಲ.

"ಸಂಜೆ ಆದ್ರೆ ಬರ್ತಾನೆ ಕಣೋ ಅವನು," ಎಂದಳು ಅಗಾಥಾ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. "ನೀನು ಕೂತಿದೀಯಲ್ಲ, ಅಲ್ಲೇ ಬೂಟು ಉಜ್ಜುತಾನೆ. ಒಳಗೆ ಬರಲ್ಲ. ಯಾಕೆ ಬರಲ್ಲ? ನಾನೇನು ತಪ್ಪು ಮಾಡಿದೆ?"

ಆಬ್ರಾಮ್ ತಲೆ ಎತ್ತಿ ಅವಳನ್ನು ನೋಡಿದ. ತಟ್ಟೆಯನ್ನು ಪಕ್ಕಕ್ಕಿಟ್ಟ.

"ತಪ್ಪು ನಿಮ್ಮದಲ್ಲ. ಅವನಿಗೆ ನಾಚಿಕೆ. ಆಣೆ ಇಟ್ಟ ಚಿಕ್ಕಮ್ಮ. ಫ್ರಾಂಜೂ ಇಟ್ಟ. ನನಗಿಂತ ಮೊದಲು ಅವನೇ. ಮೊದಲು ಒಲ್ಲೆ ಅಂದದ್ದಕ್ಕೆ ನಮ್ಮಿಬ್ಬರನ್ನೂ ಒಲೆ ಇಲ್ಲದ ಕೋಣೇಲಿ ಕೂಡಿಹಾಕಿದ್ರು. ಕಾಲ್ಬೆರಳು ಕಪ್ಪಾಗೋಕೆ ಶುರುವಾಯ್ತು. ಅಮ್ಮಾ ಅಮ್ಮಾ ಅಂತ ಅಳ್ತಿದ್ದ. ಬೆಳಗ್ಗೆ ಎದ್ದು ಬಾಗಿಲು ಬಡಿದು, ಕೋವಿ ಕೊಡಿ ಅಂದ. ಆಮೇಲೆ ನಾನೂ ಅಂದೆ. ಆ ವಾರವೇ ಲಾರಿಯಿಂದ ಮರದ ದಿಮ್ಮಿ ಉರುಳಿ ಅವನ ಮೇಲೆ ಬಿತ್ತು. ಅಪಘಾತಾನೇ ಅದು. ಅವರು ಸುಳ್ಳು ಹೇಳಲಿಲ್ಲ."

"ಸುಳ್ಳು ನೀನು ಹೇಳ್ತಿದೀಯ! ನಿನ್ನ ಹೊಲಸನ್ನ ಸತ್ತವನ ಮೈಗೆ ಬಳೀತೀಯಾ?"

"ಆಯ್ತು ಚಿಕ್ಕಮ್ಮ," ಎಂದು ಆಬ್ರಾಮ್ ಎದ್ದ.

"ನಿಜವಾಗಿದ್ರೆ ಇಷ್ಟು ವರ್ಷ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ಸೈನ್ಯದಿಂದ ಬಂದ ಹೊಸದರಲ್ಲಿ ಕ್ಷಮೆ ಕೇಳೋಕೆ ಅಂತಲೇ ಸಭೆಗೆ ಬಂದಿದ್ದೆ. ನಿಂತು ಎಲ್ಲಾ ಹೇಳಬೇಕಲ್ಲ, ಒಂದೂ ಬಿಡದೆ. ಅವನ ಹೆಸರಿಲ್ಲದೆ ನನ್ನ ಮಾತು ಮುಗಿಯಲ್ಲ. ನೀವು ಮುಂದಿನ ಬೆಂಚಲ್ಲಿ ಕೂತಿದ್ರಿ. ನಿಮಗೆ ಅಂತ ಉಳಿದಿದ್ದು ಅದೊಂದೇ." ಟೋಪಿ ಹಾಕಿಕೊಂಡ. "ಹೊರಗೆ ಕೂರೋದು ನನಗೆ ರೂಢಿಯಾಗಿಹೋಯ್ತು, ಬಿಡಿ."

ಅಗಾಥಾ ಬಾಗಿಲನ್ನು ದಢಾರನೆ ಹಾಕಿಕೊಂಡಳು. ಅವತ್ತು ಸಂಜೆ ಸದ್ದು ಬಂದಾಗ ಅವಳು ಏಳಲಿಲ್ಲ. ಕುರ್ಚಿಯಲ್ಲಿ ಕೂತು, ಮಗನ ಕಾಲ್ಬೆರಳುಗಳನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷ ಅವಳು ಸಂತನೊಬ್ಬನಿಗಾಗಿ ಅತ್ತಿದ್ದಳು. ಚಳಿಗೆ ಹೆದರಿದ ಹುಡುಗನಿಗಾಗಿ ಅತ್ತದ್ದು ಅದೇ ಮೊದಲು.

ಭಾನುವಾರ ಪ್ರಾರ್ಥನಾ ಮನೆ ಕಿಕ್ಕಿರಿದಿತ್ತು. ಕೊರ್ನೆಲಿಯುಸ್ ಅದೇ ಅಧ್ಯಾಯ ಓದಿ, "ನಮ್ಮ ನಡುವಿನ ಧನ್ಯೆ ಈಗ ಮಾತಾಡ್ತಾರೆ," ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಅಗಾಥಾ ಎದ್ದಳು. ಸುಮ್ಮನಿದ್ದುಬಿಟ್ಟರೆ ಆಗಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಸಾಯುವವರೆಗೂ ಆ ಬೆಂಚು ಅವಳದೇ.

"ನನ್ನ ಮಗ ಆಣೆ ಇಟ್ಟಿದ್ದ," ಎಂದಳು. "ಕೋವಿನೂ ಹಿಡಿದ. ಚಳಿ ತಡೀಲಾರದೆ. ಅವನನ್ನ ಯಾರೂ ಕೊಲ್ಲಲಿಲ್ಲ, ದಿಮ್ಮಿ ಬಿದ್ದು ಸತ್ತ."

ಹೆಂಗಸರ ಕಡೆ ಗುಸುಗುಸು ಎದ್ದಿತು. "ಸಹೋದರಿ, ನಿಮಗೆ ಆಯಾಸ ಆಗಿದೆ, ಕೂತ್ಕೊಳ್ಳಿ," ಎಂದರು ಕೊರ್ನೆಲಿಯುಸ್.

"ಕೂತಿದ್ದು ಸಾಕು. ಇದೆಲ್ಲ ಆಬ್ರಾಮ್‌ಗೆ ಗೊತ್ತಿತ್ತು. ನಾನು ಈ ಬೆಂಚಲ್ಲಿ ಕೂರಲಿ ಅಂತ ಅವನು ನನ್ನ ಮೆಟ್ಟಿಲ ಮೇಲೆ ಕೂತು ಉಂಡ. ಧನ್ಯ ಅನ್ನೋ ಮಾತನ್ನ ಯಾರಿಗೆ ಹೇಳಬೇಕೋ ನೀವೇ ನೋಡ್ಕೊಳ್ಳಿ. ನನಗೆ ಬೇಡ."

ಅವಳು ಸ್ಕಾರ್ಫ್ ಬಿಗಿದುಕೊಂಡು ಬೆಂಚುಗಳ ನಡುವೆ ನಡೆದು ಹೊರಗೆ ಬಂದಳು. ಒಬ್ಬರೂ ತಡೆಯಲಿಲ್ಲ, ಒಬ್ಬರೂ ಹಿಂದೆ ಬರಲಿಲ್ಲ. ಹೊರಗೆ ಹಿಮ ಬೀಳುತ್ತಿತ್ತು.

ಆಬ್ರಾಮ್ ತನ್ನ ಅಂಗಳದಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಅಗಾಥಾ ಅವನ ಬೂಟಿಗೆ ತನ್ನ ಬೂಟಿನ ತುದಿಯಿಂದ ತಟ್ಟಿದಳು.

"ಮಧ್ಯಾಹ್ನ ಕಾಫಿಗೆ ಬಾ."

"ಇವತ್ತು ಮೆಟ್ಟಿಲೆಲ್ಲ ಒದ್ದೆ ಇರುತ್ತೆ ಚಿಕ್ಕಮ್ಮ," ಎಂದು ಅವನು ಕೆಳಗಿನಿಂದಲೇ ಹೇಳಿದ.

"ಮೆಟ್ಟಿಲಿಗೆ ಯಾರು ಕರೆದ್ರೋ ನಿನ್ನ?"

ಕಾಫಿಯ ಹೊತ್ತಿಗೆ ಹೊರಗೆ ಬೂಟು ಉಜ್ಜುವ ಸದ್ದಾಯಿತು, ಒಂದು ಕಾಲು, ಆಮೇಲೆ ಇನ್ನೊಂದು. ಅಗಾಥಾ ಈ ಸಲ ಎದ್ದಳು. ಹೋಗಿ ಬಾಗಿಲು ತೆಗೆದಳು. ಆಬ್ರಾಮ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಹೊಸ್ತಿಲು ದಾಟುವಾಗ, ಮಾಡಿನ ಮೇಲೆ ಸಲೀಸಾಗಿ ಓಡಾಡುವ ಆ ಮನುಷ್ಯ ಎಡವಿದ. ಬೂಟು ಬಿಚ್ಚಿ ಗೋಡೆಗೆ ಸೇರಿಸಿಟ್ಟ. ಮೇಜಿನಲ್ಲಿ ಅವನ ಜಾಗದಲ್ಲಿ ಹೂವಿನ ಚಿತ್ರದ ತಟ್ಟೆ ಇತ್ತು. ನೀಲಿ ಅಂಚಿನದನ್ನು ಅವಳು ತನ್ನ ಮುಂದೆ ಇಟ್ಟುಕೊಂಡಿದ್ದಳು.

ಅವನು ಬಾಗಿಲು ಹಾಕಲು ತಿರುಗಿದ.

"ಹಾಕಬೇಡ, ತೆಗೆದೇ ಇರಲಿ."

"ಹಿಮ ಒಳಗೆ ಬರುತ್ತೆ ಚಿಕ್ಕಮ್ಮ."

"ಬರಲಿ."

ಅವಳು ಕಾಫಿ ಬಗ್ಗಿಸಿದಳು. ಬನ್ನಿನ ಬುಟ್ಟಿ ಅವನತ್ತ ಸರಿಸಿದಳು. ತೆರೆದ ಬಾಗಿಲಿನಿಂದ ಹಿಮದ ಪುಡಿ ಹೊಸ್ತಿಲು ದಾಟಿ ಬಂದು, ಆಬ್ರಾಮನ ಬೂಟುಗಳ ಪಕ್ಕ, ಇನ್ನೊಂದು ಜೊತೆಗೆ ಆಗುವಷ್ಟು ಉಳಿದಿದ್ದ ಜಾಗದಲ್ಲಿ ಮೆಲ್ಲಗೆ ಬೀಳುತ್ತಿತ್ತು.