ಉತ್ತರದ ಕೆಳಗಿನ ಸಾಲು

ನನ್ನ ತಮ್ಮ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದ. ಮೆಷಿನ್ ಸರಿಹೋದ ಮೇಲೆ ಒಂದು ಚಿಂದಿ ಬಟ್ಟೆಯ ಮೇಲೆ ಗೇಣುದ್ದ ಹೊಲಿಗೆ ಹಾಕಿ, ಆ ಚಿಂದಿಯನ್ನು ಸೂಜಿಯ ಕೆಳಗೇ ಬಿಟ್ಟು ಕಳಿಸುವುದು ಅವನ ಪದ್ಧತಿ. ಗಿರಾಕಿ ಮನೆಗೆ ಹೋಗಿ ಮುಚ್ಚಳ ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಅದೇ. "ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ ಅಕ್ಕ, ಹೊಲಿಗೆ ನೋಡ್ಲಿ" ಎನ್ನುತ್ತಿದ್ದ.

ನಾವಿಬ್ಬರೂ ಒಂದೇ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿದವರು. ನಾನು ಹೊಲಿಗೆ ಸಾಲಿನಲ್ಲಿ, ಅವನು ಮೆಷಿನ್‌ಗಳ ಕೆಳಗೆ ಎಣ್ಣೆಕೈ ಮಾಡಿಕೊಂಡು. ಕಾರ್ಖಾನೆ ಮುಚ್ಚಿತು. ಕೆಲಸ ಹೋದ ಹೆಂಗಸರು ಮನೆಮನೆಯಲ್ಲಿ ಹಳೆಯ ಮೆಷಿನ್ ಇಟ್ಟುಕೊಂಡು ಹೊಲಿಯತೊಡಗಿದರು. ಅವು ಕೆಟ್ಟಾಗ ಎಲ್ಲರ ಮನೆಗೂ ಹೋಗಲು ತಮ್ಮನಿಗೆ ಎರಡು ಕಾಲು ಸಾಲುತ್ತಿರಲಿಲ್ಲ. ಆಗ ಮೊಬೈಲಿನಲ್ಲಿ ಒಂದು ಬಳಗ ಕಟ್ಟಿದ. ಯಾರಾದರೂ ತೊಂದರೆ ಬರೆದರೆ ತಿಳಿದವರು ಉತ್ತರ ಬರೆಯುವುದು. ಊರಿನವರಿಂದ ಶುರುವಾದದ್ದು ಎಲ್ಲೆಲ್ಲಿಗೋ ಹಬ್ಬಿತು. ಅದಕ್ಕೆ ಅವನು ಹಾಕಿದ ನಿಯಮ ಒಂದೇ: ಇಲ್ಲಿ ಮೆಷಿನ್ ಮಾತು ಮಾತ್ರ, ರಾಜಕೀಯ ಬೇಡ.

ಹಾಗೆಂದು ಬರೆದವನೇ ತನ್ನ ಪ್ರತಿ ಉತ್ತರದ ಕೆಳಗೂ ಒಂದು ಸಾಲು ಹಾಕುತ್ತಿದ್ದ. "ಕಾರ್ಖಾನೆಯ ಬಾಗಿಲು ಮತ್ತೆ ತೆರೆಯಲಿ." ಆಗ ಅದು ರಾಜಕೀಯವೆಂದು ಯಾರಿಗೂ ಅನ್ನಿಸಲಿಲ್ಲ. ಕೆಲಸ ಕಳೆದುಕೊಂಡವನ ಆಸೆ, ಅಷ್ಟೇ.

ದೇವರು ಅವನನ್ನು ನನಗಿಂತ ಮೊದಲು ಕರೆದುಕೊಂಡ. ಏಕೆಂದು ನಾನು ಇನ್ನೂ ಕೇಳಿಲ್ಲ. ಬೆಳಿಗ್ಗೆ ಕೈಮುಗಿದು ಕುಳಿತಾಗ ಕೇಳಬೇಕೆಂದುಕೊಳ್ಳುತ್ತೇನೆ. ಕೇಳದೆಯೇ ಎದ್ದುಬಿಡುತ್ತೇನೆ. ಬಳಗದ ಮೇಲ್ವಿಚಾರಣೆ ನನ್ನ ಮತ್ತು ಗುಂಡಿ ಯಜಮಾನರ ಕೊರಳಿಗೆ ಬಿತ್ತು. ಗುಂಡಿ ಯಜಮಾನರೆಂದರೆ ನಮ್ಮ ಬೀದಿಯ ಕೊನೆಯಲ್ಲಿ ಗುಂಡಿ, ದಾರ, ಜಿಪ್ಪು ಮಾರುವವರು. ಬಳಗದಲ್ಲಿ ನನ್ನ ಹೆಸರು "ಅಕ್ಕ" ಎಂದೇ ಇದೆ. ತಮ್ಮನೇ ಹಾಗೆ ಬರೆದಿದ್ದ. ಅವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು.

ಚುನಾವಣೆ ಬಂತು. ಒಂದು ಪಕ್ಷದವರು ಕಾರ್ಖಾನೆ ತೆರೆಸುತ್ತೇವೆ ಎಂದರು. ಇನ್ನೊಂದು ಪಕ್ಷದವರು ಆ ಜಾಗದಲ್ಲಿ ಮಾರುಕಟ್ಟೆ ಕಟ್ಟಿಸುತ್ತೇವೆ ಎಂದರು. ಬಳಗದ ಜನ ತಮ್ಮ ಹೆಸರಿನ ಕೆಳಗೆ ಪಕ್ಷದ ಘೋಷಣೆ ಅಂಟಿಸಿಕೊಂಡರು. ಮಾರುಕಟ್ಟೆಯ ಘೋಷಣೆ ಹಾಕಿಕೊಂಡಿದ್ದ ಒಬ್ಬಾಕೆ, ಕೆಳದಾರದ ಬಾಬಿನ್ ಹತ್ತಿರ ದಾರ ಸಿಕ್ಕಾಗಿ ಗೂಡು ಕಟ್ಟುತ್ತಿದೆ, ನಾಳೆಯೊಳಗೆ ಶಾಲೆಯ ಸಮವಸ್ತ್ರ ಕೊಡಬೇಕು, ಏನು ಮಾಡಲಿ ಎಂದು ಕೇಳಿದಳು. ಬಂದ ಮೊದಲ ಉತ್ತರ: "ಮಾರುಕಟ್ಟೆ ಕಟ್ಟಿಸೋ ನಿಮ್ಮ ನಾಯಕರನ್ನೇ ಕೇಳಿ, ಬಂದು ದಾರ ಬಿಡಿಸ್ತಾರೆ." ಅದರ ಕೆಳಗೆ ಅರವತ್ತು ಎಪ್ಪತ್ತು ಮಂದಿ ಕಚ್ಚಾಡಿದರು. ದಾರದ ವಿಷಯ ಒಬ್ಬರೂ ಎತ್ತಲಿಲ್ಲ.

ಮರುದಿನ ನಾನು ಗುಂಡಿ ಅಂಗಡಿಗೆ ಹೋದೆ. ಯಜಮಾನರು ಬಣ್ಣದ ಪ್ರಕಾರ ದಾರದ ಉಂಡೆಗಳನ್ನು ಜೋಡಿಸುತ್ತಿದ್ದರು.

"ಅಕ್ಕ, ಬೆಳಗಾದ್ರೆ ನನಗೆ ಐವತ್ತು ಮಂದಿ ದೂರು. ಹೆಂಡತಿ ಕೂಡ ಇಷ್ಟು ದೂರು ಹೇಳಿಲ್ಲ ನಂಗೆ."

"ಎಲ್ಲರ ಘೋಷಣೆನೂ ತೆಗೆದುಬಿಡೋಣ" ಎಂದೆ. "ಯಾರ ಪಕ್ಷದ್ದೂ ಬೇಡ. ಹೊಸದು ಹಾಕಿದ್ರೆ ಒಂದು ವಾರ ಬಳಗದಲ್ಲಿ ಬರೆಯೋ ಹಾಗಿಲ್ಲ, ಬಾಯಿಗೆ ಬೀಗ."

"ಬೈತಾರೆ."

"ಈಗೇನು ಹಾಡಿ ಹೊಗಳ್ತಿದಾರಾ?"

ಅವರು ನಕ್ಕರು. ನನಗೂ ನಗು ಬಂತು. ಆದರೆ ಮುಖದವರೆಗೆ ಬರುವಷ್ಟರಲ್ಲಿ ಸೋತುಹೋಯಿತು. ಅಂದೇ ನಿಯಮ ಹಾಕಿದೆವು. ಎರಡೂ ಕಡೆಯವರು ಬೈದರು. ಆಮೇಲೆ ನಿಧಾನವಾಗಿ ಸೂಜಿ, ಬೆಲ್ಟು, ಎಣ್ಣೆಯ ಮಾತು ಮತ್ತೆ ಶುರುವಾಯಿತು. ಸಮವಸ್ತ್ರದಾಕೆಗೆ ನಾನೇ ಉತ್ತರ ಬರೆದೆ. ತಡವಾಗಿತ್ತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕುಳಿತಿದ್ದಾಗ ಕಾಲರ್ ಬಂದ. ಅಂಗಿಯ ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಅಡ್ಡಹೆಸರು. ಮಾರುಕಟ್ಟೆ ಬೇಕೆನ್ನುವವನು. ತನ್ನ ಘೋಷಣೆ ತೆಗೆದಾಗ ಒಂದು ಮಾತೂ ಆಡಿರಲಿಲ್ಲ. ಕಾಲರಿನ ಒಳಗೆ ಹಾಕುವ ಕ್ಯಾನ್ವಾಸ್ ಬಟ್ಟೆ ಅಳೆಸಿಕೊಂಡ, ಮಡಿಸಿದ, ಮತ್ತೆ ಬಿಚ್ಚಿದ.

"ಏನಪ್ಪಾ, ಬಟ್ಟೆ ಸರಿಯಿಲ್ವಾ?" ಎಂದರು ಯಜಮಾನರು.

"ಬಟ್ಟೆ ಸರಿಯಾಗಿದೆ. ಅಕ್ಕಂಗೆ ಒಂದು ಮಾತು ಕೇಳ್ಬೇಕು. ಬೇಜಾರು ಮಾಡ್ಕೋಬಾರ್ದು."

"ಬೇಜಾರು ಮಾಡ್ಕೊಂಡು ಮಾಡ್ಕೊಂಡು ಖಾಲಿಯಾಗಿದೆ. ಕೇಳು."

ಅವನು ಜೇಬಿನಿಂದ ಒಂದು ಕರಪತ್ರ ತೆಗೆದು ಗಾಜಿನ ಮೇಲೆ ಇಟ್ಟ. ಕಾರ್ಖಾನೆ ತೆರೆಸುವ ಪಕ್ಷದ್ದು. ಮೇಲೆ ದೊಡ್ಡಕ್ಷರದಲ್ಲಿ ನನ್ನ ತಮ್ಮನ ಸಾಲು. ಕೆಳಗೆ, ಬಳಗದಲ್ಲಿ ಅವನು ಬರೆದಿದ್ದ ಒಂದು ಉತ್ತರದ ಚಿತ್ರ, ಹೆಸರು ಸಮೇತ. ಪೆಡಲ್ ಬಿಗಿಯಾದರೆ ಏನು ಮಾಡಬೇಕೆಂಬ ಉತ್ತರ. "ಮೇಷ್ಟ್ರ ಕೊನೆಯಾಸೆ ನೆರವೇರಿಸಿ" ಎಂದು ಬರೆದಿದ್ದರು.

"ಕೊನೆಯಾಸೆ ಅಂತೆ" ಎಂದೆ. "ಕೊನೆಗೆ ಅವನು ಕೇಳಿದ್ದು ಒಂದು ಗುಟುಕು ನೀರು."

ಕಾಲರ್ ತಲೆ ತಗ್ಗಿಸಿದ. "ಅವ್ರು ಇದ್ದಾಗ ನಾನು ಆ ಸಾಲಿನ ಬಗ್ಗೆ ಚಕಾರ ಎತ್ತಿಲ್ಲ ಅಕ್ಕ. ಈಗ ಅದು ಪಕ್ಷದ ಘೋಷಣೆ ಆಗಿದೆ. ಬಳಗದಲ್ಲಿ ಯಾವ ಹಳೇ ಉತ್ತರ ತೆಗೆದ್ರೂ ಕೆಳಗೆ ಅದೇ. ನನ್ನದು ತೆಗೆದ್ರಿ, ಸರಿ. ನಿಯಮ ಎಲ್ಲರಿಗೂ ಒಂದೇ ಅಲ್ವಾ? ಅಲ್ಲ ಅಂದ್ರೆ ಹೇಳಿಬಿಡಿ, ನಾನು ಸುಮ್ನಾಗ್ತೀನಿ."

ಯಜಮಾನರು ಕೆಂಡವಾದರು. "ಸತ್ತವರ ಮೇಲೂ ದೂರು ತರ್ತೀಯಲ್ಲೋ! ನಿನ್ನ ಮೆಷಿನ್ ಎಷ್ಟು ಸಲ ರಿಪೇರಿ ಮಾಡಿಕೊಟ್ಟಿಲ್ಲ ಅವನು?"

"ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ ಯಜಮಾನ್ರೇ."

"ಅವನನ್ನ ಬೈಬೇಡಿ" ಎಂದೆ. "ಸರಿಯಾಗೇ ಕೇಳಿದಾನೆ. ತೆಗೀತೀನಿ ಕಣಪ್ಪಾ."

ಅವನು ಹೋದ ಮೇಲೆ ಯಜಮಾನರು ಕನ್ನಡಕ ಏರಿಸಿ ಮೊಬೈಲಿನಲ್ಲಿ ತಮ್ಮನ ಖಾತೆ ತೆರೆದರು. ಹೆಸರಿನ ಕೆಳಗೆ ಕಾಯಮ್ಮಾಗಿ ಒಂದು ಸಾಲು ಬರೆಯಲು ಅಲ್ಲಿ ಒಂದು ಚೌಕವಿರುತ್ತದೆ. ಒಮ್ಮೆ ಬರೆದರೆ ಎಲ್ಲ ಉತ್ತರಗಳ ಕೆಳಗೂ ತಾನಾಗಿಯೇ ಬರುತ್ತದೆ. ಅಲ್ಲಿ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಬಳಗದ ಜನರ ಘೋಷಣೆಗಳನ್ನೆಲ್ಲ ನಾವು ಹಾಗೆಯೇ ತೆಗೆದದ್ದು.

"ಅಕ್ಕ, ಇಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಚೌಕ ಖಾಲಿ. ಆ ಪುಣ್ಯಾತ್ಮಂಗೆ ಇಂಥದ್ದೊಂದಿದೆ ಅಂತಾನೇ ಗೊತ್ತಿರಲಿಲ್ಲ ಅನ್ಸುತ್ತೆ. ಪ್ರತಿ ಸಲ ಕೈಯಾರೆ ಬರೆದಿದಾನೆ."

ನೋಡಿದೆ. ನಿಜ. ಒಂದು ಕಡೆ ಸಾಲಿನ ಕೊನೆಗೆ ಚುಕ್ಕಿ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಒಂದು ಕಡೆ "ಬಾಗಿಲು" ಬಿಟ್ಟುಹೋಗಿ "ಕಾರ್ಖಾನೆಯ ಮತ್ತೆ ತೆರೆಯಲಿ" ಎಂದಿತ್ತು. ಸಾವಿರಾರು ಉತ್ತರ, ಪ್ರತಿಯೊಂದರ ಕೊನೆಗೂ ಆ ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದ್ದ. ಸೂಜಿಯ ಕೆಳಗೆ ಚಿಂದಿ ಬಿಟ್ಟ ಹಾಗೆ. ತೆಗೆಯುವುದಾದರೂ ಒಂದೊಂದೇ ತೆಗೆಯಬೇಕು.

"ಇಷ್ಟನ್ನೂ ಯಾರು ತಿದ್ತಾರೆ ಅಕ್ಕ? ಬಿಟ್ಟುಬಿಡಿ. ಕಾಲರ್‌ಗೆ ಆಗಲ್ಲ ಅಂತ ಹೇಳೋಣ."

"ಅವನ ಘೋಷಣೆ ತೆಗೆಯೋದು ಸುಲಭ ಇತ್ತು ಅಂತ ತೆಗೆದೆವಾ?"

ಯಜಮಾನರು ಕನ್ನಡಕ ಇಳಿಸಿ ಮತ್ತೆ ದಾರದ ಉಂಡೆ ಜೋಡಿಸತೊಡಗಿದರು.

ನನ್ನ ನಾದಿನಿಗೆ, ಎಂದರೆ ತಮ್ಮನ ಹೆಂಡತಿಗೆ, ಹೇಳದೆ ಕೈ ಹಚ್ಚುವುದು ನನ್ನಿಂದಾಗಲಿಲ್ಲ. ತಮ್ಮ ಹೋದ ಮೇಲೆ ನನಗೆ ಉಳಿದವಳು ಅವಳೊಬ್ಬಳು, ಅವಳಿಗೆ ನಾನು. ನಮ್ಮ ಎರಡು ಕೋಣೆಗಳ ನಡುವೆ ಒಂದು ಗೋಡೆ. ಅವಳು ಕೆಮ್ಮಿದರೆ ನನಗೆ ಕೇಳುತ್ತದೆ. ಪ್ರತಿದಿನ ಸಂಜೆ ಅವಳು ಗಂಡನ ಹಳೆಯ ಉತ್ತರಗಳನ್ನು ತೆಗೆದು ಓದುತ್ತಾಳೆ. ಮೆಷಿನ್ ಬಗ್ಗೆ ಅವಳಿಗೆ ಏನೂ ತಿಳಿಯದು. ಸುಮ್ಮನೆ ಓದುತ್ತಾಳೆ.

ಕರಪತ್ರ ತೋರಿಸಿ ವಿಷಯ ಹೇಳಿದೆ. ಅವಳು ಅದನ್ನು ಮುಟ್ಟಲಿಲ್ಲ.

"ಯಾರೋ ಕದ್ದುಕೊಂಡ್ರೆ ಅವ್ರದ್ದನ್ನ ಅಳಿಸೋದಾ ಅತ್ತಿಗೆ? ಇದ್ಯಾವ ನ್ಯಾಯ?"

"ಬಳಗ ಉಳೀಬೇಕಲ್ಲಮ್ಮ. ಅದೂ ಅವನು ಕಟ್ಟಿದ್ದೇ."

"ಬಳಗ ನಿಮಗಿರ್ಲಿ. ನನಗೆ ಆ ಸಾಲು ಓದಿದ್ರೆ ಅವ್ರು ಮಾತಾಡಿದ ಹಾಗಿರುತ್ತೆ. ಮೇಲೆಲ್ಲ ಮೆಷಿನ್ ಮಾತು, ನನಗೆ ಅರ್ಥ ಆಗಲ್ಲ. ಅದೊಂದು ಸಾಲು ಅರ್ಥ ಆಗುತ್ತೆ." ಏಳುತ್ತಾ ಅಂದಳು, "ನೀವು ಅಕ್ಕ. ಹಕ್ಕಿದೆ. ಅಳಿಸಿ. ನನ್ನ ಮುಂದೆ ಮಾತ್ರ ಅಳಿಸಬೇಡಿ."

ಅವಳು ಮನಸಾರೆ ಒಪ್ಪಿದ್ದರೂ ನನಗೆ ನೋವಾಗುತ್ತಿತ್ತು. ಬಾಗಿಲು ಹಾಕಿಕೊಂಡಳು. ಮುಂದಿನ ಹಲವು ದಿನ ಗೋಡೆಯಾಚೆ ಕೆಮ್ಮು ಕೇಳಿಸಿತು, ಮಾತು ಕೇಳಿಸಲಿಲ್ಲ.

ಹಳೆಯ ಉತ್ತರದಿಂದ ಶುರು ಮಾಡಿದೆ. ಬೆಳಗಿನ ಪ್ರಾರ್ಥನೆ ಮುಗಿಸಿ, ಕಿಟಕಿಯ ಪಕ್ಕ ಕುಳಿತು, ಕಣ್ಣು ಉರಿಯುವವರೆಗೆ. ಉತ್ತರ ತೆರೆಯುವುದು, ಕೊನೆಗೆ ಹೋಗುವುದು, ಸಾಲು ಅಳಿಸುವುದು, ಮುಂದಿನದು. ಮೇಲ್ವಿಚಾರಕರು ತಿದ್ದಿದರೆ ಬರಹದ ಕೆಳಗೆ ತಾನಾಗಿಯೇ ಒಂದು ಗುರುತು ಬೀಳುತ್ತದೆ. ಹಾಗಾಗಿ ತಮ್ಮನ ಸಾಲು ಇದ್ದ ಜಾಗದಲ್ಲೆಲ್ಲ ಈಗ ಸಣ್ಣ ಬೂದು ಅಕ್ಷರದಲ್ಲಿ "ಅಕ್ಕ ತಿದ್ದಿದ್ದಾರೆ" ಎಂದು ಬಂತು. ಚಿಕ್ಕಂದಿನಲ್ಲಿ ಅವನ ಕಾಗುಣಿತ ತಿದ್ದುತ್ತಿದ್ದವಳು ನಾನೇ. ಆಗ ಸ್ಲೇಟು ಕಿತ್ತುಕೊಂಡು ಓಡುತ್ತಿದ್ದ. ಈಗ ಓಡಲಿಲ್ಲ.

ಓದದೆ ಅಳಿಸುವುದು ಆಗಲಿಲ್ಲ. "ಮೆಷಿನ್ ಕುಯ್ಯೋ ಅಂತಿದೆ" ಎಂದವರಿಗೆ "ಮೊದಲು ಎಣ್ಣೆ ಕೊಡಿ, ಹಸಿದವರು ಅಳದೆ ಇನ್ನೇನು ಮಾಡ್ತಾರೆ" ಎಂದು ಬರೆದಿದ್ದ. ಸೂಜಿ ಮತ್ತೆ ಮತ್ತೆ ಮುರಿಯುತ್ತಿದೆ ಎಂದವರಿಗೆ, "ತಾಯಿ, ನೀವು ಬಟ್ಟೆ ಎಳೀತಿದ್ದೀರಿ. ಮೆಷಿನ್ನಿಗೂ ನಡೆಯೋಕೆ ಬರುತ್ತೆ, ಕೈಬಿಡಿ." ಒಬ್ಬ ಗಂಡಸು ನಾಚಿಕೊಂಡು, ನನ್ನ ಹೆಂಡತಿಗೆ ಗೊತ್ತಾಗದ ಹಾಗೆ ಬೆಲ್ಟು ಹಾಕುವುದು ಹೇಗೆ, ಆಟವಾಡಲು ಹೋಗಿ ಕಿತ್ತುಬಿಟ್ಟೆ ಎಂದು ಕೇಳಿದ್ದ. ತಮ್ಮ ಅವನಿಗೆ ಹಂತಹಂತವಾಗಿ ಹೇಳಿಕೊಟ್ಟು, "ಎಣ್ಣೆಕೈ ತೊಳ್ಕೊಳ್ಳಿ, ಇಲ್ಲಾಂದ್ರೆ ಸಿಕ್ಕಿಬೀಳ್ತೀರಿ" ಎಂದು ಬರೆದು, ಅದರ ಕೆಳಗೂ ಬಿಡದೆ, ಕಾರ್ಖಾನೆಯ ಬಾಗಿಲು ಮತ್ತೆ ತೆರೆಯಲಿ.

ಅಳಿಸಿದೆ. ಅಕ್ಕ ತಿದ್ದಿದ್ದಾರೆ.

ಎರಡು ಪಕ್ಷದವರಿಗೂ ಸುದ್ದಿ ಹೋಯಿತು. ಒಡಹುಟ್ಟಿದವನಿಗೇ ದ್ರೋಹ ಎಂದರು ಒಂದು ಕಡೆಯವರು. ಕಾಲರ್‌ನ ಕಡೆಯ ಯಾರೋ ನನಗೆ ಜೈಕಾರ ಹಾಕಿ ಬರೆದರು. ಎರಡನ್ನೂ ತೆಗೆದೆ. ಇಬ್ಬರಿಗೂ ಒಂದು ವಾರ ಬಾಯಿಗೆ ಬೀಗ. ದೇವರೇ, ಇದು ಬೇಗ ಮುಗಿಯಲಿ ಎಂದು ಒಂದು ಬೆಳಿಗ್ಗೆ ಬೇಡಿಕೊಂಡೆ. ಮರುಗಳಿಗೆ, ಮುಗಿಯದಿರಲಿ ಎಂದೂ ಅನ್ನಿಸಿತು. ಓದಲು ಇನ್ನು ಸ್ವಲ್ಪವೇ ಉಳಿದಿತ್ತು.

ಕೊನೆಯ ಉತ್ತರಗಳಿಗೆ ಬಂದೆ. ಅವನು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಿನವು. ಒಂದನ್ನು ತೆರೆದು ಅಭ್ಯಾಸಬಲದಿಂದ ಕೊನೆಗೆ ಹೋದೆ. ಅಳಿಸಲು ಏನೂ ಇರಲಿಲ್ಲ. ಮುಂದಿನದನ್ನು ತೆರೆದೆ. ಅದರಲ್ಲೂ ಇಲ್ಲ. ಗುಂಡಿ ಯಜಮಾನರು ನನಗೆ ನೆರವಾಗಲೆಂದು ಮೊದಲೇ ತೆಗೆದರೇನೋ ಎಂದುಕೊಂಡೆ. ಆದರೆ ತಿದ್ದಿದ ಗುರುತೂ ಇರಲಿಲ್ಲ. ಬರೀ ಉತ್ತರ. ಚುಟುಕಾದದ್ದು. "ಬಾಬಿನ್ ತಿರುಗಿಸಿ ಹಾಕಿ." "ಸೂಜಿ ಬದಲಿಸಿ." ಒಂದು ಕಾಲರ್‌ಗೇ ಬರೆದದ್ದು: "ಕ್ಯಾನ್ವಾಸಿಗೆ ದಪ್ಪ ಸೂಜಿ ಬೇಕು. ನಿಧಾನ ತುಳಿ."

ಎದ್ದು ಹೋಗಿ ನಾದಿನಿಯ ಬಾಗಿಲು ತಟ್ಟಿದೆ. ತೆರೆದಳು. ಮೊಬೈಲು ಅವಳ ಮುಂದೆ ಹಿಡಿದೆ.

"ಇವುಗಳಲ್ಲಿ ಆ ಸಾಲು ಇಲ್ಲ. ನಿನಗೆ ಗೊತ್ತಾ?"

ಅವಳು ನೋಡಿದಳು. ಆಮೇಲೆ ಮಂಚದ ಅಂಚಿನಲ್ಲಿ ಕುಳಿತು ನನಗೂ ಜಾಗ ಬಿಟ್ಟಳು.

"ಇವೆಲ್ಲ ನಾನು ಬರೆದದ್ದು ಅತ್ತಿಗೆ. ಅವ್ರ ಬೆರಳು ನಿಲ್ತಿರಲಿಲ್ಲ. ಅವ್ರು ಹೇಳೋರು, ನಾನು ಒತ್ತುತಿದ್ದೆ."

"ಸಾಲು ನೀನು ಮರೆತೆಯಾ?"

"ಮರೀತೀನಾ? ಮೊದಲನೇ ದಿನವೇ ಕೇಳಿದೆ, 'ಕೆಳಗೆ ಕಾರ್ಖಾನೆ ಸಾಲು ಹಾಕ್ಲಾ?' ಅಂತ. 'ಅದಿರ್ಲಿ ಬಿಡೇ, ಪಾಪ ಅವ್ರ ಮೆಷಿನ್ ನಿಂತಿದೆ, ಬೇಗ ಕಳಿಸು' ಅಂದ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಮೇಲೆ ನಾನು ಕೇಳ್ಲಿಲ್ಲ. ಅವ್ರೂ ಹೇಳ್ಲಿಲ್ಲ. ದಿನಾ ಹಳೇದನ್ನೇ ಓದ್ತಿದ್ದೆ ನಾನು. ಇವನ್ನ ತೆಗೀತಾನೇ ಇರಲಿಲ್ಲ. ಆಸ್ಪತ್ರೆ ವಾಸನೆ ಬಂದ ಹಾಗಾಗುತ್ತೆ."

ಬೀದಿಯಲ್ಲಿ ಪ್ರಚಾರದ ಗಾಡಿ ತಮ್ಮನ ಸಾಲನ್ನು ಕೂಗಿಕೊಂಡು ಹೋಯಿತು. ಗಾಡಿ ತಿರುವು ದಾಟುವವರೆಗೆ ಇಬ್ಬರೂ ಕಾದೆವು.

"ಎಷ್ಟು ಉಳಿದಿದೆ?" ಎಂದಳು.

"ನಡುವೆ ಒಂದಷ್ಟು ಬಿಟ್ಟಿದೀನಿ. ಕಣ್ಣು ಮಂಜಾದಾಗ ತಪ್ಪಿಹೋದವು."

"ಕೊಡಿ ಇಲ್ಲಿ. ಕನ್ನಡಕ ಒರೆಸಿಕೊಳ್ಳಿ ಮೊದಲು, ಎಣ್ಣೆಕೈಯಲ್ಲಿ ಮುಟ್ಟಿದ ಹಾಗಿದೆ." ಮೊಬೈಲು ತೆಗೆದುಕೊಂಡಳು. ಒಂದು ಉತ್ತರ ತೆರೆದು ನಿಧಾನವಾಗಿ ಗಟ್ಟಿಯಾಗಿ ಓದಿದಳು, ಅರ್ಥವಾಗದ ಮೆಷಿನ್ ಮಾತನ್ನೂ ಬಿಡದೆ. ಕೊನೆಯ ಸಾಲನ್ನೂ ಓದಿದಳು. ಆಮೇಲೆ ಅಳಿಸಿದಳು.

"ಅಕ್ಕ ತಿದ್ದಿದ್ದಾರೆ ಅಂತ ಬಂತು" ಎಂದಳು. "ನಾನಲ್ವಾ ತಿದ್ದಿದ್ದು?"

"ಖಾತೆ ನನ್ನದು. ಬೈಗುಳ ನನಗೇ ಬರ್ಲಿ. ಮುಂದಿನದು ಓದು."