ಬಹುಮತದ ಬೆಳಕು

ಇನ್ನು ನಾಲ್ಕು ವಾಕ್ಯಕ್ಕೆ ಇವರು ನಗಬೇಕು ಎಂದುಕೊಳ್ಳುತ್ತ ಭೀಮಶಾ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡ.

"ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್. ನಾ ಇಲ್ಲಿ ಕಣ್ಣು ಪಿಳುಕಿಸೋದ್ರೊಳಗ ಅದು ಕಲಬುರಗಿಗೆ ಹೋಗಿ ಬಂದಿರ್ತದ, ಟಿಕೆಟ್ ಇಲ್ಲದ. ಅದಕ್ಕಿಂತ ಜೋರು ಓಡೋದು ಲೋಕದಾಗ ಒಂದೇ. ನನ್ನ ಹೆಂಡ್ತಿ ಸಿಟ್ಟು."

ನಕ್ಕರು. ಮಕ್ಕಳಿಗಿಂತ ಮೊದಲು ಹೆಡ್‌ಮಾಸ್ತರ್ ದೌಲಪ್ಪ ನಕ್ಕ. ಕಮಲಾಪುರದ ಈ ಹೈಸ್ಕೂಲಿಗೆ ವಿಜ್ಞಾನ ದಿನದ ಮುಖ್ಯ ಅತಿಥಿಯಾಗಿ ಭೀಮಶಾ ಬರುತ್ತಿರುವುದು ಇದು ಒಂಬತ್ತನೇ ವರ್ಷ. ಕಲಬುರಗಿಯ ಸೇಡಂ ರಸ್ತೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅವನ ಹತ್ತಿರ ಇದ್ದ ಭಾಷಣ ಒಂದೇ. ಅದೇ ಊರಿನ ಗಾಜಿಪುರದ ಮನೆಯಲ್ಲಿ ಹೆಂಡತಿ ಕಾವೇರಿ ಸಿಟ್ಟಾದದ್ದನ್ನು ಅವನು ನೋಡಿ ಎಷ್ಟೋ ವರ್ಷವಾಗಿತ್ತು. ಈಗ ಆಕೆ ಅವನ ಮಾತಿಗೆ 'ಹ್ಞೂಂ' ಅನ್ನುತ್ತಾಳೆ, ಅಷ್ಟೇ. ಸಿಟ್ಟು ಯಾವಾಗ ನಿಂತಿತೋ ಅವನು ಗಮನಿಸಿರಲಿಲ್ಲ.

"ಈ ವೇಗ ಎಂದೂ ಬದಲಾಗೋದಿಲ್ಲ. ಏನಾದ್ರೂ ಪ್ರಶ್ನೆ ಅದಾವೇನು?"

ಹೀಗೆ ಕೇಳುವುದು ರೂಢಿ. ಯಾರೂ ಏನೂ ಕೇಳದಿರುವುದೂ ರೂಢಿ. ಅವನು ಆಗಲೇ ಕುರ್ಚಿಯತ್ತ ತಿರುಗಿದ್ದ.

"ನಂದೊಂದು ಸವಾಲ್ ಅದ್ರಿ, ಸಾಹೇಬ್ರ."

ಹಿಂದೆ, ಬಾಗಿಲಿಗೆ ಒರಗಿ, ಬಿಸಿಯೂಟದ ಅಡುಗೆ ಮಾಡುವ ಪುತಳಾಬಾಯಿ ನಿಂತಿದ್ದಳು. ಕೈಯಲ್ಲಿ ಸೌಟಿತ್ತು.

"ಒಂಬತ್ತು ವರ್ಷ ಕೇಳೀನ್ರಿ. ಎಂದೂ ಬದಲಾಗೋದಿಲ್ಲ ಅಂತೀರಿ. ನಾ ಇಲ್ಲಿ ಬಂದಾಗ ಅಕ್ಕಿ ಬ್ಯಾರೆ ಇತ್ತು, ಸಾಲಿ ಬ್ಯಾರೆ ಇತ್ತು, ನನ್ನ ಮೊಣಕಾಲೂ ಬ್ಯಾರೆ ಇದ್ವು. ಅದೊಂದೇ ಹೆಂಗ್ರಿ ಹಂಗೇ ಉಳೀತು? ಲೋಕ ಹುಟ್ಟಿದಾಗೂ ಅಷ್ಟೇ ಇತ್ತೇನ್ರಿ? ನೋಡ್ದವ್ರು ಯಾರ್ರಿ?"

ಮಕ್ಕಳು ನಕ್ಕರು. ಈ ನಗೆ ಭಾಷಣದಲ್ಲಿ ಇರಲಿಲ್ಲ.

ಭೀಮಶಾ ಮತ್ತೆ ಮೈಕಿನತ್ತ ತಿರುಗಿದ. ಇಪ್ಪತ್ತಾರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಚೆಂದಾಗಿ ಬರೆದು, ಸಂಶೋಧನೆ ಮಾಡುತ್ತೇನೆಂದು ತನ್ನ ಪ್ರೊಫೆಸರರ ಮುಂದೆ ಇಟ್ಟಿದ್ದ. ಅವರು ಕನ್ನಡಕ ತೆಗೆದು, "ನಿನಗ ನೌಕರಿ ಬೇಕೋ, ಬ್ಯಾಡೋ?" ಎಂದಿದ್ದರು. ನೌಕರಿ ಸಿಕ್ಕಿತು. ಹಾಳೆ ಎಲ್ಲಿ ಹೋಯಿತೋ.

"ಅದು... ಹಂಗೇ ಇತ್ತು ಅಂತ ತಿಳ್ಕೊಂಡೀವಿ," ಎಂದ.

"ತಿಳ್ಕೊಂಡೀರೋ, ಗೊತ್ತದೋ?"

ದೌಲಪ್ಪ ಎದ್ದು ಮೈಕು ಕಸಿದುಕೊಂಡ. "ಊಟಕ್ಕ ಹೊತ್ತಾಗ್ಯದ. ಇದನ್ನ ಈಗೇ ತೀರಿಸಿಬಿಡೂಣು. ಬೆಳಕಿನ ವೇಗ ಮೊದ್ಲಿನಿಂದೂ ಇಷ್ಟೇ ಇತ್ತು ಅನ್ನೋರು ಕೈ ಎತ್ರಿ!"

ಕೈಗಳು ಎದ್ದವು. ಗಣಿತದ ಮಾಸ್ತರ್ ಸಾಲು ಹಿಡಿದು ಎಣಿಸಿದ. ಎರಡೂ ಕೈ ಎತ್ತಿದ್ದ ಎಂಟನೇ ಇಯತ್ತೆಯವನೊಬ್ಬನಿಗೆ ಒಂದನ್ನು ಇಳಿಸಲು ಹೇಳಿದ. "ಇನ್ನೂರ ಹದಿನಾಲ್ಕು ರೀ."

"ಅಲ್ಲ ಅನ್ನೋರು?"

ಸೌಟು ಮೇಲೆದ್ದಿತು.

"ಒಂದು," ಎಂದ ದೌಲಪ್ಪ. "ಸರ್, ನಿಮ್ಮದು?"

ತನಗೂ ಒಂದು ಓಟಿದೆಯೆಂದು ಭೀಮಶಾ ಅಂದುಕೊಂಡಿರಲಿಲ್ಲ. ಖರೆ ಉತ್ತರ ಅವನಿಗೆ ಗೊತ್ತಿತ್ತು. ಅದಕ್ಕೆ ಹತ್ತು ನಿಮಿಷ ಬೇಕಿತ್ತು. ಕೈಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಅದು ಎಷ್ಟು ಬೇಗ ಮೇಲೆದ್ದಿತೆಂದರೆ ಅವನಿಗೇ ಆಶ್ಚರ್ಯವಾಯಿತು.

"ಇನ್ನೂರ ಹದಿನೈದು. ಪಾಸ್!"

ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ದೊಡ್ಡ ಚಿಪ್ಪನ್ನು ತೊಡೆಯ ಮೇಲಿಟ್ಟು ಫೋಟೋ ತೆಗೆದರು.

ಕೈ ತೊಳೆಯುವ ನೆಪ ಹೇಳಿ ಅವನು ಅಡುಗೆ ಕೋಣೆಗೆ ಹೋದ. ಪುತಳಾಬಾಯಿ ಅನ್ನ ಬಸಿಯುತ್ತಿದ್ದಳು.

"ನೀವು ಕೇಳಿದ್ದು ಬರಾಬರ್ ಅದ ರೀ, ಬಾಯಿ," ಎಂದ, ದನಿ ತಗ್ಗಿಸಿ. "ದೊಡ್ಡ ದೊಡ್ಡವ್ರು ಇದನ್ನ ಇನ್ನೂ ಪರೀಕ್ಷಾ ಮಾಡ್ಲಾಕತ್ತಾರ. ನೂರಾರು ಕೋಟಿ ವರ್ಷದ ಹಿಂದ ಹೊಂಟ ಬೆಳಕು ಈಗ ಬಂದು ಮುಟ್ಟತದಲ್ಲ, ಅದನ್ನ ಹಿಡಿದು ನೋಡ್ಯಾರ. ಬದಲಾಗಿತ್ತು ಅನ್ನಾಕ ಗಟ್ಟಿ ಗುರ್ತು ಸಿಕ್ಕಿಲ್ಲ. ಆದ್ರ ಎಂದೆಂದೂ ಇಷ್ಟೇ ಇತ್ತು ಅಂತ ಆಣಿ ಮಾಡಿ ಹೇಳಾಕ ಬರೂದಿಲ್ಲ."

"ಈಗಿನ ವೇಗಾದ್ರೂ ಗೊತ್ತದೇನ್ರಿ?"

"ಈಗ ಮೀಟರ್ ಅನ್ನೋದನ್ನೇ ಬೆಳಕಿನ ಮ್ಯಾಲಿಂದ ಅಳೀತಾರ. ಬೆಳಕು ಸಾವಕಾಶ ಆತು ಅಂದ್ರ ಮೀಟರೇ ಗಿಡ್ಡ ಆಗ್ತದ. ಅಂಕಿ ಅಷ್ಟೇ ಉಳೀತದ."

ಆಕೆ ಗಂಜಿ ಸುರಿಯುವುದನ್ನು ನಿಲ್ಲಿಸಿದಳು. "ಅಂದ್ರ ತಕ್ಕಡಿ ಅದರ ಕೈಯಾಗೇ ಕೊಟ್ಟೀರಿ!"

ಭೀಮಶಾ ನಕ್ಕ. ಇಪ್ಪತ್ತಾರು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇದನ್ನು ಇಷ್ಟು ಬೇಗ ಹಿಡಿದಿರಲಿಲ್ಲ. ಇನ್ನೂ ಹೇಳಬೇಕೆನಿಸಿತು.

"ಇದನ್ನೇ ಹೊರಗ ಹೇಳ್ಬೇಕಿತ್ತಲ್ರಿ, ಸಾಹೇಬ್ರ."

"ಮುಂದಿನ ವರ್ಷ ಹೇಳ್ತೀನಿ."

"ಮುಂದಿನ ವರ್ಷ ನಾ ಇರೂದಿಲ್ರಿ. ನಾಳಿಂದ ಬರಬ್ಯಾಡ ಅಂತ ಹೆಡ್‌ಮಾಸ್ತರ್ ಈಗ ಬಂದು ಹೇಳಿ ಹೋದ್ರು." ಆಕೆ ಒಂದು ತಾಟು ತೆಗೆದು ಅವನಿಗೆ ಅನ್ನ ಬಡಿಸಿದಳು. "ಸಾರು ಬಿಸಿ ಅದ, ಉಣ್ರಿ."

ಊಟವಾದ ಮೇಲೆ ದೌಲಪ್ಪ ರಿಜಿಸ್ಟರ್ ತಂದ. ಕಾರ್ಯಕ್ರಮದ ವರದಿ. ಮುಖ್ಯ ಅತಿಥಿಗಳ ಸಹಿ ಬೇಕಾಗಿತ್ತು. ಭೀಮಶಾ ಓದಿದ: 'ಬೆಳಕಿನ ವೇಗವು ಮೊದಲಿನಿಂದಲೂ ಒಂದೇ ಆಗಿತ್ತೆಂದು ಬಹುಮತದಿಂದ ತೀರ್ಮಾನಿಸಲಾಯಿತು. ಅಡುಗೆಯವರಾದ ಪುತಳಾಬಾಯಿಯವರು ಅಸಂಬದ್ಧ ಪ್ರಶ್ನೆ ಕೇಳಿ ಅತಿಥಿಗಳಿಗೆ ಅವಮಾನ ಮಾಡಿದರು.'

ಅವನು 'ಅಸಂಬದ್ಧ'ದ ಮೇಲೆ ಬೆರಳಿಟ್ಟ.

"ಕಾಗುಣಿತ ತಪ್ಪದೇನ್ರಿ, ಸರ್?"

"ಇಲ್ಲ, ಕಾಗುಣಿತ ಸರಿ ಅದ. ನನಗ ಅವಮಾನ ಆಗಿಲ್ಲ ರೀ, ಹೆಡ್‌ಮಾಸ್ತರ್ರ."

"ಅದು ನಿಮ್ಮ ದೊಡ್ಡಗುಣ." ದೌಲಪ್ಪ ದನಿ ಇಳಿಸಿದ. "ಶಾಲಾ ಸಮಿತಿ ಅಧ್ಯಕ್ಷರ ನಾದಿನಿ ಒಬ್ಬಾಕಿ ಈ ಕೆಲಸಕ್ಕ ಕಾಯ್ಲಾಕತ್ತಾಳ್ರಿ. ಎರಡು ವರ್ಷದಿಂದ ಒಂದು ಕಾರಣ ಸಿಗವಲ್ದಾಗಿತ್ತು. ಇವತ್ತ ನಿಮ್ಮಿಂದ ಸಿಕ್ತು."

ಪೆನ್ನನ್ನು ಅವನೇ ಕ್ಯಾಪ್ ತೆಗೆದು ಕೊಟ್ಟ. ಭೀಮಶಾ ಸಹಿ ಮಾಡಿದ. ಕೆಳಗೆ ಸಣ್ಣಕ್ಷರದಲ್ಲಿ 'ಓದಿದ್ದೇನೆ' ಎಂದು ಬರೆದ. ಬಸ್ ಸ್ಟ್ಯಾಂಡ್ ಮುಟ್ಟುವವರೆಗೆ ಅದು ಅವನಿಗೆ ಭಾರೀ ಪ್ರತಿಭಟನೆಯಂತೆ ಕಂಡಿತು.

ಬಸ್ಸು ಬಂದದ್ದು ಐದು ಗಂಟೆಗೆ. ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಊರು ದಾಟುವಷ್ಟರಲ್ಲಿ ಪ್ರತಿಭಟನೆ ಕರಗಿತು. ಅವನು ಫೋನ್ ಹಚ್ಚಿದ.

"ಹೆಡ್‌ಮಾಸ್ತರ್ರ, ಆ ಬಾಯಿ ಕೇಳಿದ್ದು ಸರಿ ಇತ್ತು. ನಾ ಹಂಗಂತ ಬರೆದು ಕೊಡ್ತೀನಿ."

"ಯಾವ ಬಾಯಿ, ಸರ್?"

"ಪುತಳಾಬಾಯಿ."

"ಓ, ಅದು ಆಗಿಹೋತ್ರಿ. ಕೀಲಿ ಇಟ್ಟು ಮನಿಗಿ ಹೋದ್ಲು. ಮುಂದಿನ ವರ್ಷಕ್ಕೂ ನೀವೇ ಬರ್ಬೇಕ್ ಸರ್. ಆ ಹೆಂಡ್ತಿ ಮಾತು ಮಾತ್ರ ಬಿಡಬ್ಯಾಡ್ರಿ."

"ಬರ್ತೀನಿ," ಅಂದುಬಿಟ್ಟ ಭೀಮಶಾ. ಫೋನ್ ಕಟ್ಟಾಯಿತು.

ಮುಂದೆ ಒಂದು ಟೆಂಪೋ ಹೋಗುತ್ತಿತ್ತು. ಅದರ ಮೇಲೆ ಹಗ್ಗದಿಂದ ಬಿಗಿದ ಹೊಸ ಅಲಮಾರು, ಬಾಗಿಲಿಗೆ ಆಳೆತ್ತರದ ಕನ್ನಡಿ. ಕನ್ನಡಿಯ ಮುಖ ಹಿಂದಕ್ಕಿತ್ತು. ಅದರಲ್ಲಿ ಒಂದು ಬಸ್ಸು ಎದುರಿಗೇ ಬರುತ್ತಿತ್ತು, ಹಣೆಯ ಮೇಲೆ ಕಲಬುರಗಿ ಎಂದು ತಿರುಗುಮುರುಗಾಗಿ ಬರೆದುಕೊಂಡು. ಡ್ರೈವರ್ ಹಾರ್ನ್ ಹೊಡೆದ. ಟೆಂಪೋ ದಾರಿ ಬಿಡಲಿಲ್ಲ. ವೇಗ ಹೆಚ್ಚಿಸಿದರೆ ಅದೂ ಹೆಚ್ಚಿಸಿತು, ತಗ್ಗಿಸಿದರೆ ಅದೂ ತಗ್ಗಿಸಿತು. ಕನ್ನಡಿಯ ಬಸ್ಸು ಅಷ್ಟೇ ದೂರದಲ್ಲಿ ಬರುತ್ತಲೇ ಇತ್ತು.

ತಾನು ಕಾಣುತ್ತೇನೇನೋ ಎಂದು ಭೀಮಶಾ ಮುಂದಕ್ಕೆ ಬಾಗಿದ. ಇಳಿಬಿಸಿಲು ಬಸ್ಸಿನ ಮುಂದಿನ ಗಾಜಿನ ಮೇಲೆ ಪೂರ್ತಿ ಬಿದ್ದಿತ್ತು. ಜನ ಕೂತಿರಬೇಕಾದಲ್ಲೆಲ್ಲ ಬರೀ ಬೆಳಕಿತ್ತು.