ಅಕ್ಕನ ಸಹಿ

ಫಾರಂ ಮೇಷ್ಟ್ರು ಜೀವಮಾನದಲ್ಲಿ ಯಾರಿಗೂ ಪಾಠ ಹೇಳಿದವರಲ್ಲ. ಬೀದಿಯವರ ತೆರಿಗೆ ಫಾರಂ ತುಂಬಿ ತುಂಬಿ ಆ ಹೆಸರು ಅಂಟಿಕೊಂಡಿತ್ತು. ಇಪ್ಪತ್ತೆರಡು ವರ್ಷದ ಲೈಸೆನ್ಸು, ಕಿಟಕಿ ಪಕ್ಕ ಒಂದು ಮೇಜು, ಒಂದು ರಬ್ಬರ್ ಮೊಹರು. ಅನ್ನ ಹುಟ್ಟುತ್ತಿದ್ದದ್ದು ಅಷ್ಟರಿಂದಲೇ. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೇಲಿನ ಕೋಣೆಯಲ್ಲಿ ಇವರು, ಕೆಳಗಿನ ಮನೆಯಲ್ಲಿ ಅಕ್ಕ.

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದಳು. ಮೂವತ್ತು ವರ್ಷ ಒದ್ದೆ ಹಾಸುಬಟ್ಟೆ ಎತ್ತಿ ಎತ್ತಿ ಮೊಣಕಾಲು ಸವೆದು ಹೋಗಿದ್ದವು. ಇನ್ನೂ ಹೀಗೇ ನಿಂತರೆ ನಡೆಯುವುದನ್ನೇ ಮರೆಯಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ ಮೇಲೆ, ಅವಧಿಗೆ ಎರಡು ವರ್ಷ ಮುಂಚೆಯೇ ನಿವೃತ್ತಿ ಕೇಳಿ ಕಾಗದ ಕೊಟ್ಟಿದ್ದಳು. ಈ ತಿಂಗಳೊಂದು ಕಳೆದರೆ ಅವಳು ಕೂತು ಉಣ್ಣಬಹುದಿತ್ತು.

ಅವತ್ತು ಬೆಳಗ್ಗೆ ಮೇಷ್ಟ್ರು ಅದೇ ನಿವೃತ್ತಿಯ ಕಾಗದ ಜೋಡಿಸುತ್ತಿದ್ದರು. ಅಕ್ಕನ ಸಂಬಳದ ಚೀಟಿಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಆಸ್ಪತ್ರೆಯ ನಿವೃತ್ತಿ ನಿಧಿಗೆ ಕಡಿತ. ನಾಲ್ಕು ವರ್ಷದ ಹಿಂದೆ ಅವಳನ್ನು ಅರೆಪಾಳಿಯಿಂದ ಕಾಯಂ ಮಾಡಿದ ದಿನದಿಂದ ಅದು ನಡೆದು ಬಂದಿತ್ತು. ಆ ನಿಧಿಗೆ ಸೇರಿದವರು ತಮ್ಮ ಸ್ವಂತ ನಿವೃತ್ತಿ ಖಾತೆಗೆ ಕಟ್ಟಿದ ವಂತಿಗೆಯ ಮೇಲೆ ತೆರಿಗೆ ವಿನಾಯಿತಿ ಕೇಳುವ ಹಾಗಿಲ್ಲ. ಅಕ್ಕನ ಅಂಥ ಖಾತೆಗೆ ಮೇಷ್ಟ್ರು ನಾಲ್ಕೂ ವರ್ಷ ಕೇಳಿದ್ದರು, ಸಿಕ್ಕಿಯೂ ಇತ್ತು.

ಹೇಗಾಯಿತು ಅಂತೀರಾ? ಬೀದಿಯವರ ಫಾರಂ ಆದರೆ ಈ ಮಹಾಶಯರು ಹತ್ತು ಪ್ರಶ್ನೆ ಕೇಳಿ ಪ್ರಾಣ ಹಿಂಡುತ್ತಿದ್ದರು. ಅಕ್ಕನದಾದರೆ ಕೇಳುವುದೇನು, ಮನೆಯದೇ ತಾನೇ! ಹೋದ ವರ್ಷದ ಫಾರಂ ಎಡಕ್ಕಿಟ್ಟುಕೊಂಡು ಅದರಲ್ಲಿದ್ದದ್ದನ್ನು ಬಲಕ್ಕೆ ಇಳಿಸಿ, ಸಂಬಳದ ಅಂಕಿಯೊಂದನ್ನು ಬದಲಿಸಿ, ಕೊನೆಗೆ ಅಕ್ಕನ ಸಹಿಯನ್ನೂ ತಾವೇ ಗೀಚಿಬಿಡುತ್ತಿದ್ದರು. ಪಾಳಿ ಮುಗಿಸಿ ಬಂದು ಕಾಲು ಚಾಚಿದವಳನ್ನು ಕಾಗದ ಹಿಡಿದು ಯಾಕೆ ಪೀಡಿಸಬೇಕು ಎಂಬ ಕರುಣೆ. ಬೆಂಕಿ ಬಿತ್ತು ಇಂಥ ಕರುಣೆಗೆ!

ತಾವಾಗಿಯೇ ಹೋಗಿ ತಿದ್ದುಪಡಿ ಕೊಟ್ಟರೆ ಬಾಕಿ ತೆರಿಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ತೆರಿಗೆ ಕಚೇರಿಯವರೇ ಹಿಡಿದರೆ ಮೂರು ಪಟ್ಟು ದಂಡ, ವಿಚಾರಣೆ ಮುಗಿಯುವ ತನಕ ನಿವೃತ್ತಿ ಹಣಕ್ಕೆ ತಡೆ. ಅಕ್ಕನ ನಿವೃತ್ತಿಯ ಕಡತ ಅವರ ತಪಾಸಣೆಗೆ ಹೋಗುವುದು ಮರುದಿನ ಬೆಳಗ್ಗೆ. ನಾಲ್ಕು ತಿದ್ದುಪಡಿ ಫಾರಂ ತುಂಬುವಷ್ಟರಲ್ಲಿ ಮೂರು ಗಂಟೆಯಾಯಿತು, ಅವಸರದಲ್ಲಿ ಎರಡು ಹಾಳೆ ಹರಿದವು. ತಿದ್ದುಪಡಿಗೆ ತೆರಿಗೆ ಕಟ್ಟುವವರೇ ಕೌಂಟರಿನ ಮುಂದೆ ಬಂದು ಸಹಿ ಮಾಡಬೇಕು. ಒಂದೇ ಉಸಿರಿಗೆ ಆಸ್ಪತ್ರೆಗೆ ಓಡಿದರು.

ಒಗೆಯುವ ಕೋಣೆಯ ಹಬೆಯಲ್ಲಿ ಅಕ್ಕ ತಳ್ಳುಗಾಡಿಗೆ ಒರಗಿ ನಿಂತಿದ್ದಳು.

"ಅಕ್ಕ, ಒಂದು ಎಡವಟ್ಟಾಗಿದೆ."

"ನಿನ್ನ ಮುಖ ನೋಡಿದ್ರೆ ಒಂದೇ ಅನ್ಸಲ್ಲ ಕಣೋ."

ತೆರಿಗೆ ಕಚೇರಿಯ ದಾರಿಯಲ್ಲಿ ಮೇಷ್ಟ್ರು ವಿನಾಯಿತಿಯ ವಿಷಯವನ್ನೆಲ್ಲ ಹೇಳಿದರು. ಸಹಿಯ ವಿಷಯ ಮಾತ್ರ ಹೇಳಲಿಲ್ಲ. ಹೇಳಬೇಕಾದದ್ದೇ ಅದು ಎಂದು ಅವರಿಗೆ ಆಗ ಹೊಳೆಯಲೇ ಇಲ್ಲ, ಅಷ್ಟು ರೂಢಿಯಾಗಿ ಹೋಗಿತ್ತು.

ಕೌಂಟರಿನ ಹೆಂಗಸು ಕನ್ನಡಕ ಏರಿಸಿ ನಾಲ್ಕೂ ಫಾರಂ ನೋಡಿದಳು. ಅಕ್ಕ ಪೆನ್ನು ಬಿಗಿಹಿಡಿದು, ಒಂದೊಂದೇ ಅಕ್ಷರ ದುಂಡಗೆ ಕೂಡಿಸಿ ಸಹಿ ಮಾಡಿದಳು. ನೀರಲ್ಲಿ ನೆನೆದು ನೆನೆದು ಊದಿದ ಬೆರಳು, ನಾಲ್ಕು ಸಹಿಗೆ ಐದು ನಿಮಿಷ ಹಿಡಿಯಿತು. ಹೆಂಗಸು ಹಳೆಯ ರಿಟರ್ನುಗಳನ್ನು ತೆಗೆದು ಪಕ್ಕಕ್ಕಿಟ್ಟಳು.

"ಇದು ಹೊಂದ್ತಾನೇ ಇಲ್ವಲ್ಲಮ್ಮ. ಇದರಲ್ಲಿರೋ ಹಾಗೆ ಹಾಕಿ."

ಅಕ್ಕ ಬಗ್ಗಿ ನೋಡಿದಳು. ಓರೆಯಾಗಿ ಓಡುವ ಅಕ್ಷರ, ಕೊನೆಯಲ್ಲಿ ಉದ್ದನೆಯ ಬಾಲ. ಆ ಕೈಗೆ ಅಕ್ಷರ ತಿದ್ದಿಸಿದವಳೇ ಅವಳು, ಗುರುತು ಸಿಗದೆ ಏನು! ಮೇಷ್ಟ್ರ ಕಡೆ ಒಂದು ಸಲ ತಿರುಗಿದಳು. ಮೇಷ್ಟ್ರಿಗೆ ನಿಂತ ನೆಲ ಕುಸಿಯಬಾರದೇ ಎನ್ನಿಸಿತು.

"ನಂದೇ. ಈಗ ಕೈ ಊದ್ಕೊಂಡಿದೆ, ಅದಕ್ಕೆ ಹಾಗೆ ಬಂದಿದೆ."

"ಹಾಗಂತ ಬರೆದುಕೊಡಿ. ನಾಳೆ ಸುಳ್ಳು ಅಂತ ಗೊತ್ತಾದ್ರೆ ನಿಮ್ಮ ಮೇಲೇ ಕೇಸಾಗುತ್ತೆ, ಈಗಲೇ ಹೇಳಿರ್ತೀನಿ."

"ಕೊಡಿ, ಬರೀತೀನಿ."

ಅವಳು ನಿಜಕ್ಕೂ ಪೆನ್ನು ಎತ್ತಿದಳು. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು, ಐದಕ್ಕೆ ಕೌಂಟರು ಮುಚ್ಚುತ್ತಿತ್ತು. ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತದೆ, ಯಾರು ಕೆದಕುತ್ತಾರೆ ಎಂದು ಮೇಷ್ಟ್ರ ಮನಸ್ಸು ಒಂದು ಕ್ಷಣ ಲೆಕ್ಕ ಹಾಕಿತು. ಲೆಕ್ಕ ಹಾಕಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಅಕ್ಕ ಮೊದಲ ಅಕ್ಷರ ಬರೆದಿದ್ದಳು.

"ಬರೀಬೇಡ ಅಕ್ಕ!" ಕೂಗು ಜೋರಾಗಿಯೇ ಬಂತು, ಸಾಲಿನಲ್ಲಿದ್ದವರೆಲ್ಲ ತಿರುಗಿದರು. "ಮೇಡಂ, ಆ ಸಹಿ ನಾನು ಹಾಕಿದ್ದು. ಇವಳು ಆ ಫಾರಂಗಳನ್ನ ಕಣ್ಣಲ್ಲೂ ನೋಡಿಲ್ಲ."

"ನೀವ್ಯಾರು?"

"ತಮ್ಮ. ಫಾರಂ ತುಂಬಿದವನೂ ನಾನೇ."

"ಲೈಸೆನ್ಸ್ ಇದೆಯಾ?"

"ಇದೆ."

"ಇಲ್ಲಿಡಿ. ಮೊಹರೂ ಇಡಿ."

ಮೇಷ್ಟ್ರು ಇಟ್ಟರು. ಹೆಂಗಸು ಕೆಟ್ಟವಳೇನಲ್ಲ, ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನುವ ಜಾಯಮಾನದವಳೂ ಅಲ್ಲ. ಒಂದು ಹೇಳಿಕೆ ಬರೆಸಿಕೊಂಡು, ಇನ್ನು ಮುಂದೆ ಇವರು ಯಾರ ಫಾರಂ ಅನ್ನೂ ತುಂಬುವಂತಿಲ್ಲ ಎಂದು ಓದಿ ಹೇಳಿ, ಲೈಸೆನ್ಸಿನ ಮೂಲೆ ಕತ್ತರಿಸಿದಳು. ಅಕ್ಕನ ತಪ್ಪೇನೂ ಇಲ್ಲದ್ದರಿಂದ ತಿದ್ದುಪಡಿ ಸ್ವೀಕಾರವಾಯಿತು. ಬಾಕಿ ಕಟ್ಟಿಸಿಕೊಂಡು ರಸೀದಿ ಕೊಟ್ಟಳು. ನಿವೃತ್ತಿ ಹಣಕ್ಕೆ ಇನ್ನು ಯಾವ ಅಡ್ಡಿಯೂ ಇರಲಿಲ್ಲ.

ಅಕ್ಕ ಬಸ್ ಸ್ಟಾಪಿನ ತನಕ ಕುಂಟುತ್ತಾ ನಡೆದಳು. ಬೆಂಚಿನ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು.

"ಬೈದುಬಿಡು ಅಕ್ಕ," ಎಂದರು ಮೇಷ್ಟ್ರು.

"ಕಾಯಂ ಮಾಡಿದ ದಿನ ಆ ನಿಧಿಯವರು ನನ್ನ ಕೂರಿಸ್ಕೊಂಡು ಎಲ್ಲಾ ಹೇಳಿದ್ರು. ಸ್ವಂತ ಖಾತೆಗೆ ವಿನಾಯಿತಿ ಸಿಗಲ್ಲ ಅಂತಾನೂ ಹೇಳಿದ್ರು. ನೀನು ಒಂದೇ ಒಂದು ಸಲ, ಅಕ್ಕ ಇಲ್ಲಿ ಸಹಿ ಹಾಕು ಅಂತ ಕಾಗದ ತಂದಿದ್ರೆ, ಓದಿ ಹೇಳ್ತಿದ್ದೆ. ನಂಗೆ ಓದೋಕೆ ಬರುತ್ತೋ. ನಿಂಗೆ ಕಲಿಸಿದ್ದು ಯಾರು?"

ಮೇಷ್ಟ್ರು ಮುಖ ಮುಚ್ಚಿಕೊಂಡು ಅತ್ತರು. ಐವತ್ತೈದು ದಾಟಿದ ಗಂಡಸು, ಬೀದಿ ಬದಿಯಲ್ಲಿ, ನಾಚಿಕೆ ಬಿಟ್ಟು ಅತ್ತರು. ಅಕ್ಕ ತಡೆಯಲಿಲ್ಲ. ಮನೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು, ಅವಳು ಏಳಲಿಲ್ಲ.

"ಹತ್ತು ಅಕ್ಕ, ನಮ್ಮ ಬಸ್ಸು."

"ನಾನು ಆಸ್ಪತ್ರೆ ಬಸ್ಸಿಗೆ ಕಾಯ್ತಿದೀನಿ. ಸೂಪರ್‌ವೈಸರ್ ಆರು ಗಂಟೆ ತನಕ ಇರ್ತಾರೆ. ನಿವೃತ್ತಿ ಕೇಳಿ ಕೊಟ್ಟ ಕಾಗದ ವಾಪಸ್ ತಗೋಬೇಕು."

"ಏನು ಹೇಳ್ತಿದೀಯ! ಅಕ್ಕ, ನಿನ್ನ ಕಾಲು... ಇಷ್ಟೆಲ್ಲಾ ಮಾಡಿದ್ದು ಯಾಕೆ ಮತ್ತೆ?"

"ಈಗ ಬಿಟ್ರೆ ಸಿಗೋದು ಒಬ್ಬಳ ಊಟಕ್ಕೆ ಸಾಕು. ಎರಡು ವರ್ಷ ತಡೆದ್ರೆ ಇಬ್ಬರಿಗೂ ಆಗುತ್ತೆ. ನಿಂಗೆ ನಾಳೆಯಿಂದ ಏನಿದೆ?"

"ಬೇಡ ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ನಾನು ಒಪ್ಪಲ್ಲ."

"ಒಪ್ಪೋಕೆ ನಿನ್ನ ಕೇಳಿದವರು ಯಾರು? ಇಷ್ಟು ವರ್ಷ ನನ್ನ ಕೇಳ್ದೆ ನೀನು ಸಹಿ ಹಾಕ್ತಾ ಬಂದೆ. ಇವತ್ತು ನಿನ್ನ ಕೇಳ್ದೆ ನಾನು ಹಾಕ್ತೀನಿ."

ಆಸ್ಪತ್ರೆಯ ಬಸ್ಸು ಬಂತು. ಅಕ್ಕ ಕಂಬಿ ಹಿಡಿದು, ಒಂದು ಕಾಲು ಮೇಲಿಟ್ಟು, ಇನ್ನೊಂದನ್ನು ಕೈಯಿಂದ ಎತ್ತಿ ಇಟ್ಟು ಹತ್ತಿದಳು. ಮೇಷ್ಟ್ರು ಅವಳ ಹಿಂದೆಯೇ ಹತ್ತಿ ಇಬ್ಬರಿಗೂ ಟಿಕೆಟ್ ತೆಗೆದರು.